ಹೊರಡುವಾಗಿನ ಮಾತು

"ಮೇಡಂ, ಹತ್ತು ನಿಮಿಷ ಆಯ್ತು," ಎಂದು ನರ್ಸ್ ಒಳಗೆ ತಲೆ ಹಾಕಿದಾಗ ಡಾಕ್ಟರಮ್ಮ ಇನ್ನೂ ಕಂಪ್ಯೂಟರಿನಲ್ಲಿ ಬಿ.ಪಿ. ತುಂಬಿಸುತ್ತಿದ್ದರು. ಎದುರಿಗೆ ಕೂತಿದ್ದ ಟೈಲರಮ್ಮ ಗಡಬಡಿಸಿ ಎದ್ದಳು. ನರ್ಸ್ ಅವಳ ತೋಳು ಹಿಡಿದು ಹೊರಗೆ ಕರೆದೊಯ್ದಳು. ಇನ್ನೊಂದು ಬಾಗಿಲಿಂದ ಮುಂದಿನವರು ಬಂದು ಕೂತೇಬಿಟ್ಟರು.

ಟೈಲರಮ್ಮ ಹೇಳಿದ್ದು ಮಂಡಿನೋವು, ಬರೆದುಕೊಟ್ಟದ್ದು ಅದೇ ಹಳೇ ಮಾತ್ರೆ. ಆದರೂ ಡಾಕ್ಟರಮ್ಮನಿಗೆ ಒಳಗೊಳಗೇ ಏನೋ ಕೊರೆಯತೊಡಗಿತು.

ಸ್ವಂತ ಕ್ಲಿನಿಕ್ ಇದ್ದ ಹತ್ತೊಂಬತ್ತು ವರ್ಷ ಈ ಟೈಲರಮ್ಮನನ್ನು ನೋಡಿದವರು ಅವರು. ಮಹಾ ನಾಚಿಕೆಯ ಹೆಂಗಸು. ಕುರ್ಚಿಯಲ್ಲಿ ಕೂತಷ್ಟು ಹೊತ್ತೂ ಮಂಡಿ, ನೆಗಡಿ, ಅಳಿಯನ ಪ್ರತಾಪ. ಅಸಲು ಕಾಯಿಲೆ ಬಾಯಿಗೆ ಬರುತ್ತಿದ್ದುದು ಎದ್ದು, ಬಾಗಿಲ ಹಿಡಿಗೆ ಕೈಹಾಕಿ, ಬೆನ್ನು ತಿರುಗಿಸಿ ನಿಂತ ಮೇಲೆ. "ಇನ್ನೇನಿಲ್ಲ ಡಾಕ್ಟ್ರಮ್ಮ, ಆದ್ರೂ..." ಅಂದಳೆಂದರೆ ಇವರು ಪೆನ್ನು ಕೆಳಗಿಡುತ್ತಿದ್ದರು. ಅವರ ಡಾಕ್ಟರಿಕೆಯಲ್ಲಿ ಅರ್ಧ, ಇಂಥ ಮಾತಿಗೆ ಕಾಯುವುದೇ ಆಗಿತ್ತು.

ಕ್ಲಿನಿಕ್ ಮುಚ್ಚಿದ್ದು ಸೊಕ್ಕಿನಿಂದಲ್ಲ, ಸುಸ್ತಿನಿಂದ. ರಜೆ ಅನ್ನುವುದೇ ಇರಲಿಲ್ಲ, ತಟ್ಟೆ ಮುಂದೆ ಕೂತರೆ ಫೋನು. ಒಂದು ದಿನ ರೋಗಿಯ ಎದುರಿಗೇ ತಲೆಸುತ್ತಿ ಬಿದ್ದಾಗ ಗಂಡ, "ಮೊದ್ಲು ನೀನು ಉಳ್ಕೋ ತಾಯಿ, ಊರುದ್ಧಾರ ಆಮೇಲೆ," ಅಂದಿದ್ದರು. ಈ ಆಸ್ಪತ್ರೆ ಸೇರಿ ಎಂಟು ತಿಂಗಳು. ಹೊತ್ತಿಗೆ ಸರಿಯಾಗಿ ಊಟ, ಭಾನುವಾರ ಕಣ್ತುಂಬ ನಿದ್ದೆ. ಸುಖವಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು!

ಆದರೆ ಇವತ್ತು ಟೈಲರಮ್ಮ ಹೊರಡುವಾಗ ಏನೂ ಹೇಳಲಿಲ್ಲ. ಹೇಳಲು ಬಿಟ್ಟವರಾದರೂ ಯಾರು?

"ಒಂದ್ನಿಮಿಷ ಕೂತಿರಿ," ಎಂದವರೇ ಡಾಕ್ಟರಮ್ಮ ಎದ್ದರು.

"ಮೇಡಂ, ಹೊರಗೆ ಹದಿನಾಲ್ಕು ಜನ ಇದಾರೆ! ಮೇಲಿನವ್ರು ಕೇಳಿದ್ರೆ ನಾನೇನು ಹೇಳ್ಲಿ?" ನರ್ಸ್ ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು.

ಗೇಟಿನಾಚೆ ಬಸ್ಸು ನಿಂತಿತ್ತು. ಟೈಲರಮ್ಮ ಕಂಬಿ ಹಿಡಿದು ಒಂದು ಕಾಲು ಮೇಲಿಟ್ಟಾಗಿತ್ತು.

"ಟೈಲರಮ್ಮಾ, ನಿಂತ್ಕೊಳ್ಳಿ! ಏನೋ ಹೇಳ್ಬೇಕಿತ್ತಲ್ವಾ ನೀವು?"

"ಅಯ್ಯೋ, ಓಡ್ಕೊಂಡು ಬಂದ್ರಾ? ಏನಿಲ್ಲ ಡಾಕ್ಟ್ರಮ್ಮ. ಆದ್ರೂ..." ಅವಳು ಮುಖವನ್ನು ಬಸ್ಸಿನೊಳಕ್ಕೆ ತಿರುಗಿಸಿಕೊಂಡಳು. "ಎಡಗಡೆ ಎದೇಲಿ ಒಂದು ಗಂಟು ಕೈಗೆ ಸಿಗುತ್ತೆ."

"ಯಾವಾಗಿಂದ?"

"ಹೋದ್ಸಲ ಬಂದಿದ್ನಲ್ಲ, ಅವತ್ತೇ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಆ ನರ್ಸಮ್ಮ ಕರ್ಕೊಂಡು ಹೋಗ್ಬಿಟ್ರು."

ಹೋದ ಸಲ ಅಂದರೆ ಐದು ತಿಂಗಳ ಹಿಂದೆ. ಆ ದಿನವೂ ಅವಳನ್ನು ನೋಡಿದ ಡಾಕ್ಟರು ಇವರೇ.

"ಹತ್ತೋದಾದ್ರೆ ಹತ್ತಿ, ಇಲ್ಲಾ ಇಳೀರಿ," ಎಂದು ಕಂಡಕ್ಟರ್ ರೇಗಿದ. ಡಾಕ್ಟರಮ್ಮ ಅವಳ ಮೊಣಕೈ ಹಿಡಿದು ಕೆಳಗಿಳಿಸಿಕೊಂಡರು. ಬಸ್ಸು ಹೊರಟುಹೋದ ಮೇಲೂ ಆ ಕೈ ಬಿಡಲಿಲ್ಲ.