ಅಪ್ಪನನ್ನು ಹಿರಿಯರಿಗೆ ಒಪ್ಪಿಸಿದ್ದು

ಅಪ್ಪನ ಹೆಣ ಹರಾರೆಯ ಆಸ್ಪತ್ರೆಯಿಂದ ಊರಿಗೆ ಬಂದ ಬೆಳಿಗ್ಗೆಯೇ ಶುವಾಯಿಗೆ ಕೈಕಾಲು ಆಡದಂತಾಯಿತು. ಮಣ್ಣು ಮರುದಿನ. ಗುಂಡಿಗಿಳಿಸುವ ಮುಂಚೆ ಮಕ್ಕಳಲ್ಲೊಬ್ಬರು ಕುಲಸ್ತುತಿ ಹೇಳಿ ಅವನನ್ನು ತೀರಿಹೋದ ಹಿರಿಯರಿಗೆ ಒಪ್ಪಿಸಬೇಕು. ಅಣ್ಣ ತೀರಿಕೊಂಡು ಆರು ವರ್ಷವಾಗಿತ್ತು, ಉಳಿದವಳು ಇವಳೊಬ್ಬಳೇ. ಇವಳಿಗೋ ಮೊದಲ ಎರಡು ಸಾಲಿನಾಚೆ ಬಾರದು. ಇಪ್ಪತ್ತು ವರ್ಷದಿಂದ ಪೇಟೆಯ ಮಿಶನ್ ಶಾಲೆಯ ಇಂಗ್ಲಿಷ್ ಟೀಚರು. ಮನೆಮಾತು ಶೋನಾದಲ್ಲಿ ಬಾಯಿಬಿಟ್ಟ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವಳು.

ಸಾಲದ್ದಕ್ಕೆ ಮಿಶನ್ನಿನ ಪಾದ್ರಿ ಮುರಿಂಡಾ ಬಂದು, ಸತ್ತವರನ್ನು ಕರೆಯುವುದು ಸೈತಾನನ ಕೆಲಸ ಎಂದು ಮೆತ್ತಗೆ ತಿಳಿಹೇಳಿದರು. ಹೊರಡುವಾಗ, "ಆ ಮಾತು ಬಂದ್ರೆ ನಾನು ಗುಂಡಿ ಹತ್ರ ನಿಲ್ಲಲ್ಲ ಮೇಡಂ. ಸೋಮವಾರ ಶಾಲಾ ಸಮಿತಿ ಇದೆ, ನೆನಪಿರಲಿ," ಎಂದರು.

ಶುವಾಯಿ ಸೋದರತ್ತೆ ಚೆಂಗೆತಾಯಿಯ ಗುಡಿಸಲಿಗೆ ಓಡಿದಳು. ಉಬ್ಬಸದ ಮುದುಕಿ ನೆಲಗಡಲೆ ಸುಲಿಯುತ್ತಿದ್ದಳು.

"ನಿಮ್ಮ ಶಾಲೇಲಿ ಇದೊಂದು ಕಲಿಸ್ಲಿಲ್ವೇನೇ, ಟೀಚರಮ್ಮ?" ಎಂದು ಚುಚ್ಚಿದಳು. ಆಮೇಲೆ ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಶುವಾಯಿ ಬರೆದುಕೊಳ್ಳಹೋದರೆ ಚೀಟಿ ಕಿತ್ತುಕೊಂಡಳು. "ಚೀಟಿ ನೋಡ್ಕೊಂಡು ಅಪ್ಪನ್ನ ಕರೀತೀಯಾ?"

ಮರುದಿನ ಗುಂಡಿಯ ಬಳಿ ಊರೇ ನೆರೆದಿತ್ತು. ಶುವಾಯಿ ಮಂಡಿಯೂರಿ, ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. "ಮಡುವಿನ ಒಡೆಯಾ, ಬತ್ತದ ನೀರಿನ ಕುಲದವನೇ..." ಪಾದ್ರಿ ಬೈಬಲ್ ಮುಚ್ಚಿ ತಿರುಗಿ ನಡೆದರು. ಅವರ ಹಿಂದೆ ಹತ್ತು ಹನ್ನೆರಡು ಜನ ಎದ್ದರು. ಅದನ್ನು ಕಂಡದ್ದೇ ಅವಳ ತಲೆಯಿಂದ ಮುಂದಿನ ಸಾಲು ಹಾರಿಹೋಯಿತು. ನದಿ ದಾಟಿ ಬಂದ ಮೂಲಪುರುಷನ ಹೆಸರು! ಕೂತವರು ಒಬ್ಬರ ಮುಖ ಒಬ್ಬರು ನೋಡಿದರು.

"ಅಪ್ಪಾ, ಮರೆತೆ," ಎಂದಳು ಶುವಾಯಿ. "ಮಿಶನ್ನಿನವರು ಇದನ್ನೆಲ್ಲ ಬಿಡು ಅಂದ್ರು, ನಾನು ಬಿಟ್ಟೆ. ತಪ್ಪು ನಂದೇ."

ಯಾರೂ ನಗಲಿಲ್ಲ. ಚಾಪೆಯ ಮೇಲಿದ್ದ ಚೆಂಗೆತಾಯಿ ಉಸಿರು ಕಟ್ಟಿಕೊಂಡು ಆ ಹೆಸರನ್ನು ಕೂಗಿದಳು. ಹೆಂಗಸರ ಚಪ್ಪಾಳೆ ಜೊತೆಗೂಡಿತು. ಶುವಾಯಿ ಹೆಸರು ಹಿಡಿದು ಮುಂದುವರಿದಳು. ಕೊನೆಯ ಸಾಲು ಮುಟ್ಟಿದಳು. ಆಮೇಲೆ ಮಣ್ಣು ಬಿತ್ತು.

ಸೋಮವಾರ ಸಮಿತಿ ಅವಳನ್ನು ಒಂದು ಗಂಟೆ ನಿಲ್ಲಿಸಿಕೊಂಡಿತು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ವರ್ಷದ ಕೊನೆಯವರೆಗೆ ಸಮಯವಿದೆ ಎಂದಿತು. ಬರೆಯಲಾರೆ ಎಂದಳು ಶುವಾಯಿ. ಇನ್ನು ಬದುಕು ಹೇಗೆಂದು ತಿಳಿಯದೆ ಆ ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ.

ಶನಿವಾರ ಬಸ್ಸು ಹತ್ತಿ ಊರಿಗೆ ಬಂದು ಅತ್ತೆಯ ಮುಂದೆ ಕೂತಳು. ಅವ್ವನ ಕುಲದ್ದೂ ಹೇಳಿಕೊಡು ಎಂದಳು.

ಚೆಂಗೆತಾಯಿ ಅವಳ ಇಳಿದ ಮುಖವನ್ನೇ ನೋಡಿದಳು. "ಅದು ಭಾಳ ಉದ್ದ ಕಣೇ. ಮೊದಲು ಉಣ್ಣು," ಎಂದು ಜೋಳದ ಮುದ್ದೆಯ ತಟ್ಟೆ ಮುಂದಿಟ್ಟಳು.