ಹಳೇ ಗಿರಾಕಿ

ಆ ಸುಳ್ಳನ್ನು ಬರೆದು ಮುಗಿಸುವಷ್ಟರಲ್ಲಿ ಅಕ್ಕನ ಚಹಾ ಆರಿಹೋಗಿತ್ತು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಗಂಡನ ಫೋನಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತ, ತಪ್ಪಿದಲ್ಲಿ ಅಳಿಸುತ್ತ, ಅರ್ಧ ಗಂಟೆ ತೆಗೆದುಕೊಂಡಿದ್ದಳು. ‘ನಿಮ್ಮಲ್ಲಿ ಬಟ್ಟೆಯ ತೂತಿಗೆ ಹಾಕಿಸಿದ ಹೂವು ಎರಡೇ ಒಗೆತಕ್ಕೆ ಬಾಯಿ ಬಿಟ್ಟಿತು. ತೂತಿನ ಸುತ್ತ ಹಾಸಿನ ಎಳೆ ಹಿಡಿದಿಲ್ಲ, ಹೊಕ್ಕಿನ ಎಳೆಯಂತೂ ಮುಟ್ಟಿಯೇ ಇಲ್ಲ. ಮೇಲೆ ಬಣ್ಣದ ನೂಲು ಗೀಚಿದರೆ ಅದು ಹೊಲಿಗೆಯೇ?’ ಹೆಸರಿನ ಜಾಗದಲ್ಲಿ ‘ಹಳೇ ಗಿರಾಕಿ’ ಎಂದಿತ್ತು. ಅದು ಅದೇ ಬೆಳಿಗ್ಗೆ ಹುಟ್ಟಿದ ಹೆಸರು.

ಒತ್ತಿದಳು. ಹೋಯಿತು.

ತಂಗಿಯ ಅಂಗಡಿ ಎದುರಿಗೇ ಇತ್ತು. ನಡುವೆ ಒಂದು ಸಣ್ಣ ರಸ್ತೆ, ಎರಡು ಗಾಜಿನ ಬಾಗಿಲು. ಅಕ್ಕ ಕತ್ತು ಎತ್ತಿ ನೋಡಿದಳು. ತಂಗಿ ಮೇಜಿನ ಮೇಲಿದ್ದ ಫೋನು ಕೈಗೆತ್ತಿಕೊಂಡು ಓದಿದಳು. ಮುಗುಳ್ನಗುತ್ತ ಓದಲು ಶುರುಮಾಡಿದವಳ ಮುಖ ಮೆಲ್ಲಗೆ ಸಪ್ಪಗಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ಓದಿದಳು. ಅಕ್ಕ ಬೇಗನೆ ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸತೊಡಗಿದಳು. ನೂಲು ಪೋಣಿಸಿಯೇ ಇತ್ತು.

ಅಕ್ಕನದು ರಫು ಕೆಲಸ. ಕೋಟಿಗೋ ಶಾಲಿಗೋ ತೂತು ಬಿದ್ದರೆ ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಎಳೆದು, ಉದ್ದಕ್ಕೆ ಓಡುವ ಹಾಸಿನ ಎಳೆಗೆ ಹಾಸು, ಅಡ್ಡ ಹಾಯುವ ಹೊಕ್ಕಿನ ಎಳೆಗೆ ಹೊಕ್ಕು ಸೇರಿಸಿ, ನೇಯ್ಗೆಯನ್ನೇ ಮತ್ತೆ ಕಟ್ಟುವುದು. ಚೆನ್ನಾಗಿ ಮಾಡಿದರೆ ಮಾಡಿದ್ದೇ ಕಾಣಬಾರದು. ಅಪ್ಪ ಕಲಿಸಿದ ವಿದ್ಯೆ, ಅಪ್ಪ ಬಿಟ್ಟುಹೋದ ಅಂಗಡಿ. ಗಿರಾಕಿಗಳು ಚೀಲದೊಳಗೆ ಚೀಲ ಇಟ್ಟು ಬಟ್ಟೆ ತರುತ್ತಿದ್ದರು, ಪಿಸುಮಾತಿನಲ್ಲಿ ತೂತು ತೋರಿಸುತ್ತಿದ್ದರು, ತೆಗೆದುಕೊಂಡು ಹೋದ ಮೇಲೆ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ವಕೀಲರೊಬ್ಬರು ಬೀದಿಯಲ್ಲಿ ಎದುರಾದರೆ ಅವಳ ಗುರುತೇ ಇಲ್ಲದವರಂತೆ ಆಕಾಶ ನೋಡುತ್ತ ನಡೆದುಬಿಡುತ್ತಿದ್ದರು.

ತಂಗಿ ತೂತನ್ನು ಮುಚ್ಚಿಡುತ್ತಲೇ ಇರಲಿಲ್ಲ. ಅದರ ಮೇಲೆ ಹಳದಿ ಹೂವು, ಕೆಂಪು ಮೀನು, ನೀಲಿ ಹಕ್ಕಿ ಕೂರಿಸಿಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ಅಕ್ಕನ ಪಕ್ಕ ಕೂತು ರಫು ಕಲಿಯಲು ಬಂದವಳೇ. ಎಳೆ ತಪ್ಪಿದಾಗಲೆಲ್ಲ ಅಕ್ಕ ಕತ್ತರಿಯ ಹಿಡಿಯಿಂದ ಗೆಣ್ಣಿಗೆ ತಟ್ಟುತ್ತಿದ್ದಳು. ಒಂದು ದಿನ, “ನಿನ್ನ ಕೈಗೆ ಇದು ಹತ್ತಲ್ಲ, ಎದ್ದು ಹೋಗು” ಎಂದಳು. ತಂಗಿ ಎದ್ದು ಹೋದಳು. ಅವರಿವರ ಕಚೇರಿಯಲ್ಲಿ ಕೆಲಸ ಮಾಡಿ, ನಲವತ್ತೆಂಟರ ವಯಸ್ಸಿನಲ್ಲಿ ಹಿಂದಿರುಗಿ ಎದುರಿನ ಅಂಗಡಿ ಹಿಡಿದಳು. ಫೋನಿನಲ್ಲಿ ‘ತೂತಿನ ಹೂವು’ ಎಂದು ಪೇಜು ತೆರೆದಳು. ಮೂರು ವರ್ಷದಲ್ಲಿ ಅದನ್ನು ಒಂಬತ್ತು ಸಾವಿರ ಜನ ನೋಡುವಂತಾಯಿತು.

ಅವಳು ಮಾಡುತ್ತಿದ್ದುದಾದರೂ ಏನು? ಬೆಳಿಗ್ಗೆ ಒಂದು ಹರಿದ ಸ್ವೆಟರಿನ ಫೋಟೊ ಹಾಕಿ, ‘ಇದರ ಮೊಣಕೈಗೆ ಏನು ಬೇಕು? ಮೀನೋ, ಎಲೆಯೋ?’ ಎಂದು ಕೇಳುವುದು. ಕಂಡು ಕೇಳರಿಯದ ಇನ್ನೂರು ಜನ ಅದಕ್ಕಾಗಿ ಸಂಜೆಯವರೆಗೆ ಜಗಳ ಆಡುವುದು. ಇವಳು ಒಬ್ಬೊಬ್ಬರಿಗೂ ಹೆಸರು ಹಿಡಿದು ಉತ್ತರ ಬರೆಯುವುದು. ‘ಮಗುವಿನ ಜ್ವರ ಇಳಿಯಿತಾ?’ ‘ಆ ಅಂಗಿ ಹಾಕಿಕೊಂಡು ಸಂದರ್ಶನಕ್ಕೆ ಹೋದಿರಲ್ಲ, ಕೆಲಸ ಸಿಕ್ಕಿತಾ?’ ಬಟ್ಟೆ ಹರಿದ ಕಥೆಯನ್ನೂ ಜನ ಅವಳ ಬಳಿ ಹೇಳಿಕೊಳ್ಳುತ್ತಿದ್ದರು. ಹೂವು ಹಾಕಿಸಿಕೊಂಡವರು ಬಸ್ ನಿಲ್ದಾಣದಲ್ಲಿ, ಕಚೇರಿಯಲ್ಲಿ ನಿಂತು ಫೋಟೊ ತೆಗೆಸಿ ಕಳಿಸುತ್ತಿದ್ದರು.

ಅಕ್ಕನ ಗಂಡ ಅಂಚೆ ಕಚೇರಿಯಿಂದ ನಿವೃತ್ತರಾದವರು. ಅವಳ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ಬಾಯಿ ತುಂಬ ಓದಿ ಹೇಳುವುದೇ ಅವರ ಹೊಸ ನೌಕರಿ.

“ಮೀನಿಗೆ ನಾನೂ ಒಂದು ಓಟು ಹಾಕಿದೆ ಕಣೇ.”

“ಹಾಕಿ, ಹಾಕಿ. ನನ್ನ ಕೆಲಸಕ್ಕೆ ಒಂದಿನ ಓಟು ಹಾಕಿದ್ದೀರಾ?”

“ನಿಂದು ಕಾಣಿಸಿದ್ರೆ ತಾನೇ ಹಾಕೋದು!”

ತಮಾಷೆಗೆ ಅಂದ ಮಾತು. ಆದರೂ ಅದು ಅಕ್ಕನ ಎದೆಯಲ್ಲಿ ಮುರಿದ ಸೂಜಿಯ ತುದಿಯಂತೆ ಉಳಿಯಿತು. ಅವಳೂ ಒಮ್ಮೆ ವಿಡಿಯೊ ಹಾಕಿ ನೋಡಿದ್ದಳು. ಮೊದಲು ತೂತಿನ ಕೋಟು, ಆಮೇಲೆ ತೂತಿಲ್ಲದ ಕೋಟು. ‘ಬೇರೆ ಕೋಟು ತೋರಿಸಿ ಯಾಮಾರಿಸ್ತೀರಾ?’ ಎಂದು ಒಬ್ಬ ಬರೆದ. ‘ಇದರಲ್ಲಿ ನೋಡೋಕೆ ಏನಿದೆ?’ ಎಂದು ಇನ್ನೊಬ್ಬಳು. ‘ಇದು ನನ್ನಕ್ಕನ ಕೈ’ ಎಂದು ತಂಗಿ ಬರೆದಿದ್ದಳು. ಅಕ್ಕನಿಗೆ ಅದು ಭಿಕ್ಷೆ ಹಾಕಿದಂತೆ ಕಂಡಿತು. ಮಧ್ಯಾಹ್ನ ವಕೀಲರು ಬೆವರು ಒರೆಸಿಕೊಳ್ಳುತ್ತ ಬಂದರು. “ಗುಂಡಿ ನೋಡಿದ್ರೆ ನನ್ನ ಕೋಟು ಅಂತ ಗೊತ್ತಾಗಿಬಿಡುತ್ತಮ್ಮ. ದಯವಿಟ್ಟು ತೆಗೆದುಬಿಡಿ.” ತೆಗೆದುಬಿಟ್ಟಳು.

ಈಗ ಹಳೇ ಗಿರಾಕಿಗೆ ತಂಗಿಯ ಉತ್ತರ ಬಂತು. ಸಿಟ್ಟಿನ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ‘ತಪ್ಪಾಯಿತು. ದಯವಿಟ್ಟು ತಂದುಕೊಡಿ, ಸರಿ ಮಾಡಿಕೊಡುತ್ತೇನೆ. ತೂತಿನ ಸುತ್ತ ಎಳೆ ಹಿಡಿಯುವುದು ನನಗೆ ಸರಿಯಾಗಿ ಬರುವುದಿಲ್ಲ, ನಿಜ. ನಿಮಗೆ ಗೊತ್ತಿದ್ದರೆ ಹೇಗೆಂದು ಹೇಳುತ್ತೀರಾ?’

ಅಕ್ಕ ಅದನ್ನು ನಾಲ್ಕು ಸಲ ಓದಿದಳು. ಉತ್ತರಿಸಬಾರದೆಂದುಕೊಂಡಳು. ಆದರೆ ತನ್ನ ವಿದ್ಯೆಯ ಬಗ್ಗೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತು! ಮಾರನೆಯ ದಿನ ಖಾಸಗಿಯಾಗಿ ಬರೆದಳು. ‘ತೂತಿನ ಅಂಚಿನಿಂದ ಅರ್ಧ ಬೆರಳು ಆಚೆಗೆ ಸೂಜಿ ಇಳಿಸಬೇಕು. ಅಂಚಿನ ಎಳೆ ಜೀವ ಕಳೆದುಕೊಂಡಿರುತ್ತದೆ, ಅದನ್ನು ನಂಬಬಾರದು.’ ತಂಗಿ ಮಾಡಿ ಫೋಟೊ ಕಳಿಸಿದಳು. ‘ಬಿಗಿಯಾಯಿತು, ಸಡಿಲಿಸಿ’ ಎಂದಳು ಅಕ್ಕ. ಮತ್ತೆ ಫೋಟೊ. ‘ಪರವಾಗಿಲ್ಲ. ನೂಲಿನ ಹುರಿ ಯಾವ ಕಡೆಗೆ ತಿರುಚಿದೆ ನೋಡಿಕೊಂಡಿರಾ?’ ಹೀಗೆ ಒಂದು ತಿಂಗಳು ನಡೆಯಿತು. ಕತ್ತರಿಯ ಹಿಡಿ ಕೈಗೆ ಎಟುಕದ ದೂರದಿಂದ ಅಕ್ಕ ಎಷ್ಟೊಂದು ಮೃದುವಾಗಿ ಕಲಿಸಿದಳೆಂದರೆ, ಬರೆದದ್ದನ್ನು ಓದಿಕೊಂಡಾಗ ಅವಳಿಗೇ ಬೇರೆ ಯಾರೋ ಬರೆದಂತೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಸುಳ್ಳು ತನ್ನ ಕೆಲಸ ಮಾಡುತ್ತಲೇ ಇತ್ತು. ‘ನಂದೂ ಬಿಚ್ಚಿಕೊಳ್ಳುತ್ತಾ?’ ಎಂದು ಕೆಲವರು ಪೇಜಿನಲ್ಲಿ ಕೇಳಿದರು. ಇಬ್ಬರು ಕೊಟ್ಟಿದ್ದ ಸ್ವೆಟರನ್ನು ಹಾಗೆಯೇ ವಾಪಸು ಒಯ್ದರು. ತಂಗಿ ಅಕ್ಕನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಇದನ್ನು ಹೇಳಿದಾಗ ಅಕ್ಕನಿಗೆ ಒಳಗೊಳಗೇ ಸಕ್ಕರೆ ತಿಂದಂತಾಯಿತು. ಅದರ ಹಿಂದೆಯೇ ಎದ್ದು ತಂಗಿಯ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು.

“ಹೋಗ್ಲಿ ಬಿಡು ಅಕ್ಕ,” ಎಂದಳು ತಂಗಿ. “ಅದರಿಂದಲೇ ನಂಗೊಬ್ಬರು ಗುರು ಸಿಕ್ಕಿದ್ರು. ಎಷ್ಟು ತಾಳ್ಮೆ ಗೊತ್ತಾ ಆಕೆಗೆ! ಹತ್ತು ಸಲ ತಪ್ಪಿದ್ರೂ ಗದರಲ್ಲ.”

“ಆಕೆನೋ ಆತನೋ, ನಿಂಗೇನು ಗೊತ್ತು?”

“ಬರೆಯೋ ರೀತಿ ನೋಡಿದ್ರೆ ಗೊತ್ತಾಗಲ್ವಾ? ಚಿನ್ನದಂಥಾ ಹೆಂಗಸು.”

“ಚಿನ್ನವೋ ಹಿತ್ತಾಳೆಯೋ! ಅವಳು ಹೇಳಿದ್ದೆಲ್ಲ ನಾನು ನಿಂಗೆ ಮೂವತ್ತೈದು ವರ್ಷದ ಹಿಂದೆ ಹೇಳಿದ್ದೆ.”

“ಹೇಳಿದ್ದೆ,” ಎಂದಳು ತಂಗಿ. ಅಷ್ಟೇ ಅಂದು ಇಬ್ಬರ ಲೋಟವನ್ನೂ ತೊಳೆದಿಟ್ಟು ಹೋದಳು.

ಆ ವಾರ ‘ತೂತಿನ ಹೂವು’ ಪೇಜಿನಲ್ಲಿ ಹಳೇ ಗಿರಾಕಿಯ ಹೊಗಳಿಕೆಯೋ ಹೊಗಳಿಕೆ. ತಂಗಿ ಹೊಸ ಹೊಲಿಗೆಯ ಬೆನ್ನುಭಾಗವನ್ನು ತೋರಿಸಿ, ಇದನ್ನು ಕಲಿಸಿದವರು ಒಬ್ಬ ಗಿರಾಕಿ, ಮೊದಲು ಬೈದರು, ಆಮೇಲೆ ಕೈ ಹಿಡಿದರು ಎಂದು ಬರೆದಿದ್ದಳು. ಎಂಟುನೂರು ಜನ ಹೃದಯದ ಗುರುತು ಒತ್ತಿದ್ದರು. ‘ಇಂಥವರು ಈಗ ಎಲ್ಲಿ ಸಿಗುತ್ತಾರೆ!’ ‘ಅವರ ಕೈ ನೋಡಬೇಕು.’ ಗಂಡ ಓದುತ್ತಲೇ ಇದ್ದರು.

“ಸಾಕು ನಿಲ್ಲಿಸಿ!” ಎಂದಳು ಅಕ್ಕ. ಅವಳ ಮುಖ ಕೆಂಪಾಗಿತ್ತು. ಹೇಳಿಕೊಂಡರೆ ಜನ ನಗುವಂಥ ಸಂಕಟ ಅದು. ತಾನೇ ಹುಟ್ಟಿಸಿದ ಹೆಸರಿನ ಮೇಲೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ತನ್ನ ಬಾಯಿಂದ ಬಂದಾಗ ಯಾರಿಗೂ ಬೇಡವಾದದ್ದು ಆ ಗಿರಾಕಿಯ ಬಾಯಿಂದ ಬಂದಾಗ ಮುತ್ತು. ಮುಖವಿಲ್ಲದ, ಮನೆಯಿಲ್ಲದ, ಬೆನ್ನುನೋವಿಲ್ಲದ ಆ ಹೆಂಗಸನ್ನು ತಂಗಿ ಗುರು ಅನ್ನುತ್ತಾಳೆ!

ಗುರುವಾರ ತಂಗಿಯ ಪ್ರಕಟಣೆ ಬಂತು. ‘ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹಳೇ ಗಿರಾಕಿ ನಮ್ಮ ಅಂಗಡಿಗೆ ಬಂದು ನಿಮ್ಮ ಕಣ್ಣೆದುರೇ ಹೊಲಿಯುತ್ತಾರೆ. ಬರಲಾಗದವರು ಲೈವ್‌ನಲ್ಲಿ ನೋಡಿ.’ ಗಂಡ ಎದ್ದು ಹೋಗುವುದನ್ನೇ ಕಾದು ಅಕ್ಕ ಫೋನು ಎತ್ತಿಕೊಂಡಳು. ‘ನಾನು ಬರುವುದಿಲ್ಲ. ಯಾರನ್ನು ಕೇಳಿ ಹೀಗೆ ಬರೆದಿರಿ?’ ಎಂದು ಬರೆದಳು. ಉತ್ತರ ಒಂದೇ ಸಾಲು. ‘ಒಂದು ಕುರ್ಚಿ ಹಾಕಿಟ್ಟಿರುತ್ತೇನೆ.’

ಎರಡು ದಿನ ಅಕ್ಕ ಆ ಖಾಲಿ ಕುರ್ಚಿಯನ್ನೇ ಕಂಡಳು. ಹನ್ನೊಂದಾಗುತ್ತದೆ, ಹನ್ನೊಂದೂವರೆಯಾಗುತ್ತದೆ, ಗುರು ಬರುವುದಿಲ್ಲ. ಒಂಬತ್ತು ಸಾವಿರ ಜನರ ಎದುರು ತಂಗಿ ಬೆಪ್ಪಾಗಿ ನಿಲ್ಲುತ್ತಾಳೆ. ನಿಲ್ಲಲಿ! ಆಗ ಗೊತ್ತಾಗುತ್ತದೆ. ಏನು ಗೊತ್ತಾಗುತ್ತದೆ ಎಂಬುದು ಮಾತ್ರ ಅಕ್ಕನಿಗೂ ಸ್ಪಷ್ಟವಿರಲಿಲ್ಲ. ಹೋದರೆ ಇನ್ನೊಂದು ಫಜೀತಿ. ಸ್ವಂತ ತಂಗಿಯ ಹೊಟ್ಟೆಯ ಮೇಲೆ ಹೊಡೆಯಲು ಸುಳ್ಳು ಹೆಸರಿಟ್ಟುಕೊಂಡವಳು ಎಂದು ಬೀದಿಗೆಲ್ಲ ತಿಳಿಯುತ್ತದೆ.

ಶನಿವಾರ ಎದುರಿನ ಅಂಗಡಿಯಲ್ಲಿ ಹತ್ತು ಹದಿನೈದು ಜನ ಸೇರಿದರು. ಮೊಣಕೈ ಮೇಲೆ ಮೀನು ಇದ್ದವರು, ಬೆನ್ನ ಮೇಲೆ ಹಕ್ಕಿ ಇದ್ದವರು. ಒಬ್ಬಾಕೆ ಫೋನು ಎತ್ತಿ ಹಿಡಿದಿದ್ದಳು. ನಡುವೆ ಕುರ್ಚಿ. ಹನ್ನೊಂದೂ ಕಾಲಾಯಿತು. ತಂಗಿ ಕೈಯಾಡಿಸಿ ಏನೇನೋ ಮಾತಾಡುತ್ತ ಹೊತ್ತು ಕಳೆಯುತ್ತಿದ್ದಳು. ಯಾರೋ ಗಡಿಯಾರ ನೋಡಿಕೊಂಡರು. ಯಾರೋ ನಕ್ಕರು. ಜೊತೆಗೆ ತಂಗಿಯೂ ನಕ್ಕಳು. ಅಪ್ಪನೆದುರು ಎಳೆ ತಪ್ಪಿ ಸಿಕ್ಕಿಬಿದ್ದಾಗ ನಗುತ್ತಿದ್ದಳಲ್ಲ, ಅದೇ ನಗು.

ಅಕ್ಕನ ಕೈ ನಿಂತಿತು.

ಮೂಲೆಯ ಸ್ಟೂಲಿನಿಂದ ಗಂಡ ಎದ್ದು ಬಂದರು. ಅವಳ ಸಣ್ಣ ಕತ್ತರಿ, ಸೂಜಿಯ ಡಬ್ಬಿ, ಹತ್ತಿರದ ಕೆಲಸದ ಕನ್ನಡಕ ಮೂರನ್ನೂ ಬಟ್ಟೆಯ ಚೀಲಕ್ಕೆ ಹಾಕಿ ಅವಳ ಮುಂದಿಟ್ಟರು.

“ಹೋಗ್ಬಾ. ಅಂಗಡಿ ನಾನು ನೋಡ್ಕೋತೀನಿ.”

“ನಿಮಗೆ...”

“ನನ್ನ ಫೋನಲ್ಲಿ ನೀನು ಹೆಸರು ಹುಟ್ಟಿಸಿದ್ರೆ ನಂಗೆ ಗೊತ್ತಾಗಲ್ವೇನೇ? ಮುವ್ವತ್ತು ವರ್ಷ ಜನರ ಕಾಗದ ಹಂಚಿದೋನು ನಾನು. ಬೇರೆಯವರ ಕಾಗದ ಓದಬಾರದು ಅಂತ ಸುಮ್ಮನಿದ್ದೆ.”

ಅಕ್ಕ ರಸ್ತೆ ದಾಟಿದಳು. ಬಾಗಿಲು ತಳ್ಳಿದಾಗ ಎಲ್ಲರೂ ತಿರುಗಿದರು. ತಂಗಿ ಮಾತು ನಿಲ್ಲಿಸಿ, ಬೆಚ್ಚದೆ, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು.

“ಬಂದ್ರು,” ಎಂದಳು ಫೋನಿನ ಕಡೆ ತಿರುಗಿ. “ಇವರೇ ಹಳೇ ಗಿರಾಕಿ. ನನ್ನಕ್ಕ.”

“ಅಯ್ಯೋ, ಎದುರಂಗಡಿಯವರು!” ಎಂದಳು ಫೋನು ಹಿಡಿದ ಹೆಂಗಸು. ಒಳ್ಳೆಯ ಹೆಂಗಸೇ, ಕುತೂಹಲ ತಡೆಯಲಾಗಲಿಲ್ಲ. “ಹಂಗಾದ್ರೆ ಎರಡು ಒಗೆತಕ್ಕೆ ಬಿಚ್ಚಿಕೊಂಡಿದ್ದು ನಿಮ್ಮ ಬಟ್ಟೆನಾ? ತಂಗಿ ಹತ್ರಾನೇ ಹೊಲಿಸಿದ್ರಾ?”

ಹೌದು ಎಂದರೆ ಮುಗಿಯುತ್ತಿತ್ತು. ತಂಗಿಯ ಕಣ್ಣೂ ಹೌದು ಅನ್ನು ಎಂದೇ ಹೇಳುತ್ತಿತ್ತು. ಆ ಕಣ್ಣು ಕಂಡಿದ್ದರಿಂದಲೋ ಏನೋ ಅಕ್ಕನಿಗೆ ಹಾಗೆ ಹೇಳಲಾಗಲಿಲ್ಲ.

“ಇಲ್ಲ,” ಎಂದಳು. “ಇವಳ ಹತ್ರ ನಾನು ಏನೂ ಹೊಲಿಸಿಲ್ಲ. ಬಿಚ್ಚಿಕೊಳ್ತು ಅಂತ ಬರೆದದ್ದು ಸುಳ್ಳು. ಇವಳ ಅಂಗಡಿ ತುಂಬಿರೋದು ನೋಡೋಕಾಗ್ದೆ ಬರೆದೆ.”

ಅಕ್ಕ ತಂಗಿಯನ್ನೇ ನೋಡಿದಳು. “ನಿಂಗೆ ಯಾವಾಗಿಂದ ಗೊತ್ತು?”

“ಮೊದಲನೇ ದಿನದಿಂದ. ಯಾವ ಗಿರಾಕಿ ಹೊಕ್ಕಿನ ಎಳೆ ಹಿಡಿದಿಲ್ಲ ಅಂತ ಜಗಳಕ್ಕೆ ಬರ್ತಾನೆ ಅಕ್ಕ?”

“ಗೊತ್ತಿದ್ದೂ ಸುಮ್ಮನಿದ್ಯಾ?”

“ಹೇಳಿದ್ರೆ ನೀನು ಕಲಿಸೋದು ನಿಲ್ಲಿಸ್ತಿದ್ದೆ.” ತಂಗಿ ಜನರ ಕಡೆ ತಿರುಗಿ ದನಿ ಎತ್ತರಿಸಿದಳು. “ಅವತ್ತು ಬಿಚ್ಚಿರಲಿಲ್ಲ, ನಿಜ. ಆದರೆ ಇವತ್ತಲ್ಲ ನಾಳೆ ಬಿಚ್ಚೇ ಬಿಚ್ಚುತ್ತಿತ್ತು. ಅಷ್ಟು ಕೆಟ್ಟದಾಗಿತ್ತು ನನ್ನ ಹೊಲಿಗೆ. ಹಳೇ ಬಟ್ಟೆ ಇದ್ದೋರೆಲ್ಲ ತಂದುಕೊಡಿ, ಮತ್ತೆ ಹಾಕಿಕೊಡ್ತೀನಿ.”

ಮೀನಿನ ಮೊಣಕೈಯವನು ಮೊದಲು ನಕ್ಕ. ಆಮೇಲೆ ಎಲ್ಲರೂ. ತಂಗಿ ಒಂದು ಬೂದು ಶಾಲನ್ನು ಅಕ್ಕನ ಮಡಿಲಿಗೆ ಹರಡಿದಳು. ನಡುವೆ ನಾಣ್ಯದಷ್ಟು ತೂತು. ಅಕ್ಕ ಕೂತಳು. ಮಡಿಕೆಯಿಂದ ನೂಲು ಎಳೆದು, ತೇವ ಮಾಡಿ, ಒಂದೇ ಸಲಕ್ಕೆ ಪೋಣಿಸಿದಳು. “ಅಂಚಿನಿಂದ ಅರ್ಧ ಬೆರಳು ಆಚೆ,” ಎಂದು ಮೆಲ್ಲಗೆ, ಬರೆದಷ್ಟೇ ಮೆಲ್ಲಗೆ ಹೇಳಿದಳು. ಸುತ್ತಲ ತಲೆಗಳು ಬಾಗಿದವು. ಫೋನಿನಾಕೆ ಸರಿಯಾಗಿ ಕಾಣಲೆಂದು ಅದರ ದೀಪ ಹಚ್ಚಿ ಹತ್ತಿರ ತಂದಳು. ಬೆಳಕು ಬಟ್ಟೆಯ ಮೇಲೂ ಅಕ್ಕನ ಕಣ್ಣಿಗೂ ಒಟ್ಟಿಗೇ ಬಿತ್ತು. ಅವಳು ಒಮ್ಮೆ ಕಣ್ಣು ಕಿರಿದು ಮಾಡಿದಳು. ಹೊಲಿಗೆ ನಿಲ್ಲಿಸಲಿಲ್ಲ.

ತಂಗಿ ಪಕ್ಕದಿಂದ ಕೈ ಚಾಚಿ, ದೀಪಕ್ಕೂ ಅಕ್ಕನ ಕಣ್ಣಿಗೂ ನಡುವೆ ಅಂಗೈ ಹಿಡಿದಳು. ಬಟ್ಟೆಗೆ ಬೆಳಕು, ಕಣ್ಣಿಗೆ ನೆರಳು. ಹಾಸಿನ ಎಳೆಗಳು ಒಂದೊಂದಾಗಿ ಬಿದ್ದವು. ಹೊಕ್ಕಿನ ಎಳೆಗಳು ಅವುಗಳ ಮೇಲೆ ಕೆಳಗೆ ಹಾಯ್ದವು. ಚಾಚಿದ ತೋಳು ಸೋತು ನಡುಗತೊಡಗಿತು.

“ಕೈ ಇಳಿಸೇ,” ಎಂದಳು ಅಕ್ಕ, ತಲೆ ಎತ್ತದೆ.

“ನೀನು ಹೊಲಿ.”

ನೆರಳು ಅಕ್ಕನ ಕನ್ನಡಕದ ಮೇಲೆ ಸಣ್ಣಗೆ ಅಲುಗಾಡುತ್ತಿತ್ತು. ಸರಿದು ಹೋಗಲಿಲ್ಲ.