ಹಸಿರು ಟ್ರಕ್ಕಿನ ಸಡಿಲ ಕೈ

ಒಂದೂರಿನಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಅಜ್ಜಿಗೊಂದು ಹಸಿರು ಟ್ರಕ್ ಇತ್ತಂತೆ. ಅದರ ಸ್ಟಿಯರಿಂಗ್ ಪಕ್ಕದಿಂದ ಒಂದು ಕೈ ಚಾಚಿಕೊಂಡಿತ್ತಂತೆ. ಆ ಕೈಯನ್ನು ಮೇಲೆತ್ತಿದರೆ ಟ್ರಕ್ ನಿಲ್ಲುತ್ತಿತ್ತು, ಕೆಳಗೆಳೆದರೆ ಓಡುತ್ತಿತ್ತು. ಒಂದು ಚಳಿಗಾಲ ಆ ಕೈಯ ಕೀಲು ಸಡಿಲವಾಯಿತು. "ನಡುಬೇಸಿಗೆಯ ಬೆಂಕಿ ಹಚ್ಚೋ ದಿನದೊಳಗೆ ನಾನು ಸರಿಮಾಡ್ತೀನಿ" ಎಂದು ಮೊಮ್ಮಗಳು ಮಾತು ಕೊಟ್ಟಳು. ಕೊಟ್ಟವಳು ಕನಸು ಕಾಣುತ್ತ ಕುಳಿತಳು. ಅಷ್ಟರಲ್ಲಿ ಸೇತುವೆಯ ಕೆಳಗಿನಿಂದ ಒಬ್ಬಳು ಬಂದು ಅಜ್ಜಿಯನ್ನು ತನ್ನ ಬಂಡಿಯಲ್ಲಿ ಕೂರಿಸಿಕೊಂಡು ಹೋಗಿಬಿಟ್ಟಳು.

ಮುಮ್ಮು, ಅಂದರೆ ನನ್ನ ಅಜ್ಜಿ, ಹೇಳುವ ಕತೆಗಳಲ್ಲಿ ಸೇತುವೆಯ ಕೆಳಗೆ ಇರುವವರು ರಾಕ್ಷಸರು. ಮಿಷಿಗನ್ನಿನ ಈ ಉತ್ತರದ ತುದಿಯವರಾದ ನಾವು ಐದು ಮೈಲಿ ಉದ್ದದ ತೂಗುಸೇತುವೆಯ ದಕ್ಷಿಣಕ್ಕೆ, ನಕಾಶೆಯಲ್ಲಿ ಅದರ ಕೆಳಗೆ, ಇರುವವರನ್ನೆಲ್ಲ ತಮಾಷೆಗೆ ಹಾಗೇ ಕರೆಯುತ್ತೇವೆ. ಅಣ್ಣ ಈರೊ ಮದುವೆಯಾಗಿ ಕರೆತಂದ ಮಾರ್ಲಾ ಅಲ್ಲಿಯವಳು. ಅವನು ಅದಿರು ಸಾಗಿಸುವ ಹಡಗು ಹತ್ತಿದ ಮೇಲೆ, ಏಪ್ರಿಲ್‌ನಿಂದ, ಅವಳು ನಮ್ಮ ಜೊತೆಗೇ ಇದ್ದಾಳೆ. ನನಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ.

ಟ್ರಕ್ ಅಜ್ಜನದು. ಅಜ್ಜ ಹೋದಮೇಲೆ ಮುಮ್ಮು ಓಡಿಸಿದಳು, ಅವಳ ಕಣ್ಣು ಮಂಜಾದ ಮೇಲೆ ನಾನು. ಮನೆಯಲ್ಲಿದ್ದಾಗ ಮುಮ್ಮು ಕತೆ ಹೇಳುವವಳಲ್ಲ. ಅಲ್ಲಿ ಅವಳಿಗೆ ಹಿಟ್ಟು, ಹೆಣಿಗೆ, ಒಲೆ. ಚಕ್ರ ಉರುಳಿದರೆ ಮಾತ್ರ ಬಾಯಿ ಬಿಚ್ಚುತ್ತಿದ್ದಳು. ನನಗೆ ಗೊತ್ತಿರುವ ಕತೆಗಳೆಲ್ಲ ಆ ಉದ್ದನೆಯ ಸೀಟಿನ ಮೇಲೆ, ಅವಳ ಉಣ್ಣೆಯ ಕೋಟಿನ ವಾಸನೆಯಲ್ಲಿ ಕೇಳಿದವು. ಊರು ತಲುಪಿದಾಗ ಅವಳು ತನ್ನ ಕೈಚೀಲವನ್ನು ಸ್ಟಿಯರಿಂಗ್ ಪಕ್ಕದಿಂದ ಚಾಚಿದ ಗೇರ್ ಲಿವರ್‌ಗೆ ನೇತುಹಾಕುತ್ತಿದ್ದಳು. ಅದರಲ್ಲಿ ಪ್ರಾರ್ಥನೆಯ ಪುಸ್ತಕ, ಎರಡು ಕನ್ನಡಕ, ಪೆಪ್ಪರ್‌ಮಿಂಟ್ ಡಬ್ಬಿ, ಅಜ್ಜ ಗಣಿಯಿಂದ ತಂದ ಒಂದು ತಾಮ್ರದ ಗಟ್ಟಿ. ಚೀಲ ನೆಲಕ್ಕಿಟ್ಟರೆ ಅದೃಷ್ಟ ಸೋರಿಹೋಗುತ್ತದೆ ಎಂಬುದು ಅವಳ ನಂಬಿಕೆ. ಮೂವತ್ತೊಂದು ವರ್ಷ ಆ ಭಾರ ಹೊತ್ತ ಲಿವರ್ ಕೊನೆಗೆ ಮುರಿದ ರೆಕ್ಕೆಯ ಹಾಗೆ ಜೋಲತೊಡಗಿತು. ಮೇಲೆತ್ತಿ, ಚಕ್ರ ಕದಲದಂತೆ ಹಿಡಿಯುವ ಪಾರ್ಕಿಗೆ ಹಾಕಿದರೂ ಒಳಗಿನ ಗೇರಿಗೆ ಸುದ್ದಿಯೇ ತಲುಪುತ್ತಿರಲಿಲ್ಲ. ಮಾರ್ಚ್‌ನ ಒಂದು ಭಾನುವಾರ ಚರ್ಚಿನ ಇಳಿಜಾರಿನಲ್ಲಿ ಟ್ರಕ್ ತಾನಾಗಿಯೇ ಉರುಳಿ ಪಾದ್ರಿಯ ಅಂಚೆಪೆಟ್ಟಿಗೆಗೆ ಮುತ್ತಿಕ್ಕಿತು.

"ಅದು ಸರಿಹೋಗೋವರೆಗೂ ನಾನು ಇದಕ್ಕೆ ಕಾಲಿಡಲ್ಲ" ಎಂದಳು ಮುಮ್ಮು. ಏಪ್ರಿಲ್‌ನಿಂದ ಅಂಗಡಿಗೆ, ಚರ್ಚಿಗೆ, ಕಣ್ಣಿನ ಡಾಕ್ಟರ ಹತ್ತಿರಕ್ಕೆ, ಎಲ್ಲಕ್ಕೂ ಮಾರ್ಲಾಳ ಕಾರು. ಅದರ ಗೇರು ರೇಡಿಯೋದ ಗುಂಡಿಯ ಹಾಗೆ ತಿರುಗುತ್ತದೆ. ಚೀಲ ನೇತುಹಾಕಲು ಅದರಲ್ಲೊಂದು ಕಡ್ಡಿಯೂ ಇಲ್ಲ. ಆದರೂ ಪ್ರತಿ ಸಲ ಮುಮ್ಮು ನಗುತ್ತಲೇ ಇಳಿಯುತ್ತಿದ್ದಳು. ಕಿಟಕಿಯಲ್ಲಿ ನಿಂತು ನಾನು ಆ ನಗುವನ್ನು ಅಳೆಯುತ್ತಿದ್ದೆ.

ಹೀಗೆ ಜೂನ್ ಕೊನೆಗೆ ನಡುಬೇಸಿಗೆಯ ದಿನ ಬಂದೇಬಿಟ್ಟಿತು. ಸಂಜೆ ಏಳಕ್ಕೆ ಸರೋವರದ ದಂಡೆಯಲ್ಲಿ ಊರಿನ ಹಬ್ಬದ ಬೆಂಕಿ. ಅದಕ್ಕೂ ಮೊದಲು ಮನೆಯ ಹಿಂದಿನ ಸೌನಾದಲ್ಲಿ, ಆ ಹಬೆಸ್ನಾನದ ಕೋಣೆಯಲ್ಲಿ, ಎಲ್ಲರೂ ಬೆವರಿ, ಮಿಂದು ಹೊರಡಬೇಕು. ಮಧ್ಯಾಹ್ನವೇ ಸೌನಾದ ಒಲೆ ಉರಿಯುತ್ತಿತ್ತು.

"ಸ್ನಾನ ಆದ್ಮೇಲೆ ಯಾವ ಗಾಡಿ ತಯಾರಿರತ್ತೋ ಅದ್ರಲ್ಲಿ ಹೋಗ್ತೀನಿ" ಎಂದು ಮುಮ್ಮು ಹೇಳಿದ್ದಳು. "ನಂಗೇನು, ಬೆಂಕಿ ಕಂಡ್ರೆ ಆಯ್ತು."

ಚಕ್ರಗಳಿಗೆ ಬರ್ಚ್ ಮರದ ಎರಡು ತುಂಡು ಒತ್ತುಕೊಟ್ಟು, ಬ್ರೇಕ್ ಹಾಕಿ, ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿದೆ. ತಲೆ ಒಳಗೆ, ಕಾಲು ಬಾಗಿಲಾಚೆ. ಮುಚ್ಚಳದ ಸ್ಕ್ರೂ ಬಿಚ್ಚಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರೆ ರೋಗ ಅಲ್ಲೇ ಇತ್ತು. ಲಿವರ್‌ನ ಬುಡವನ್ನು ಗೇರಿನ ಕೇಬಲ್ಲಿಗೆ ಸೇರಿಸುವ ಪ್ಲಾಸ್ಟಿಕ್ ಬುಷ್ ಹಳೆಯ ರಸ್ಕಿನ ಹಾಗೆ ಪುಡಿಯಾಗಿತ್ತು. ಹೊಸ ಪೊಟ್ಟಣದಲ್ಲಿ ಎರಡು ಬುಷ್‌ಗಳಿದ್ದವು, ಒಂದೊಂದೂ ಕೋಟಿನ ಗುಂಡಿಗಿಂತ ಚಿಕ್ಕದು.

ಮಾರ್ಲಾ ತಟ್ಟೆಯಲ್ಲಿ ಆಲೂಗಡ್ಡೆ, ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ಹಿಡಿದು ಬಂದಳು. ನನಗೆ ಕಂಡದ್ದು ಅವಳ ಬರಿಗಾಲು ಮಾತ್ರ.

"ಸೆನ್ಯಾ, ತಿಂದು ಮಾಡು. ಆಲೂಗಡ್ಡೆ ಬಿಸಿಯಾಗಿದೆ."

"ಆಮೇಲೆ."

"ಬುಷ್ ಹಾಗೇ ಒತ್ತಬೇಡ, ಸೀಳತ್ತೆ. ಕುದಿಯೋ ನೀರಲ್ಲಿ ಎರಡು ನಿಮಿಷ ಹಾಕು, ಮೆತ್ತಗಾಗತ್ತೆ. ನಮ್ಮಪ್ಪನ ಗ್ಯಾರೇಜಲ್ಲಿ ಹಾಗೇ ಮಾಡೋದು."

"ನಂಗೆ ಗೊತ್ತು."

ನನಗೆ ಗೊತ್ತಿರಲಿಲ್ಲ. ಅವಳು ಹೋಗಲೂ ಇಲ್ಲ. ಬಾಗಿಲಿಗೆ ಒರಗಿ, ಯಾರಿಗೋ ಹೇಳುವವಳಂತೆ ಅಂದಳು, "ನಿನ್ನೆ ಮುಮ್ಮು ಕರಡಿ ಕತೆ ಹೇಳಿದ್ಲು. ಹಿಮದಲ್ಲಿ ಸಿಕ್ಕಿಬಿದ್ದ ಹುಡುಗಿಗೆ ತನ್ನ ಕೋಟು ಕೊಡತ್ತಲ್ಲ, ಅದು. ಪ್ರತಿ ಚಳಿಗಾಲ ಕಿಟಕಿವರೆಗೂ ಬಂದು, ವಾಪಸ್ ಕೇಳೋಕೆ ನಾಚ್ಕೊಂಡು ಹೋಗತ್ತೆ. ಪಾಪ, ಒಂದ್ಸಲ ಕೇಳ್ಬಹುದಿತ್ತು."

ಕರಡಿಯ ಕತೆ ನನ್ನದು. ಹಳೆಯ ಗಣಿಯ ತಿರುವಿನಲ್ಲಿ ಶುರುವಾಗಿ ನಮ್ಮ ಅಂಚೆಪೆಟ್ಟಿಗೆಯ ಹತ್ತಿರ ಮುಗಿಯುವಂತೆ ನನಗಾಗಿ ಕಟ್ಟಿದ ಕತೆ. ಈರೊನಿಗೂ ಗೊತ್ತಿರಲಿಲ್ಲ. ಕೈಯಲ್ಲಿದ್ದ ತಣ್ಣನೆಯ ಬುಷ್ಷನ್ನು ಇಕ್ಕಳದಲ್ಲಿ ಹಿಡಿದು ಬಲವಾಗಿ ಒತ್ತಿದೆ. ಚಟ್ ಎಂದು ಎರಡು ಹೋಳಾಗಿ ನನ್ನ ಕೆನ್ನೆಯ ಮೇಲೆ ಬಿತ್ತು.

ಮಾರ್ಲಾ ತಟ್ಟೆಯನ್ನು ಸೀಟಿನ ಮೇಲಿಟ್ಟು ಸೌನಾದ ಜಗಲಿಗೆ ಹೋಗಿ ಕುಳಿತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಉಳಿದದ್ದು ಒಂದೇ ಬುಷ್. ಬಿಡಿಭಾಗದ ಅಂಗಡಿಗೆ ಅಂದು ರಜೆ. ಮುಮ್ಮು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಒಳಗಿಣುಕಿದಳು.

"ಸತ್ತಿದ್ದೀಯೋ ಬದುಕಿದ್ದೀಯೋ?"

"ಮುಮ್ಮು, ಮೇಲೆ ಕೂತು ಲಿವರ್ ಎತ್ತಿ ಹಿಡ್ಕೋತೀಯಾ? ಅಲ್ಲಾಡ್ಬಾರ್ದು."

ಅವಳು ಗೊಣಗುತ್ತ ಹತ್ತಿ ಕುಳಿತಳು. ಅವಳ ಚಪ್ಪಲಿ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಮುಖ ಕಾಣದಿದ್ದರಿಂದ ಕೇಳಲು ಧೈರ್ಯ ಬಂತು.

"ಅವಳಿಗೆ ಕರಡಿ ಕತೆ ಯಾಕೆ ಹೇಳ್ದೆ?"

"ಅಳ್ತಾ ಗಾಡಿ ಓಡಿಸ್ತಿದ್ಲು. ಈರೊ ಫೋನ್ ಮಾಡಿ ಹನ್ನೊಂದು ದಿನ ಆಗಿತ್ತು. ಅಂಥೋಳಿಗೆ ಇನ್ನೇನ್ ಹೇಳ್ಲಿ, ಹವಾಮಾನ ವರದಿನಾ?"

"ಬೇರೆ ಕತೆ ಇರ್ಲಿಲ್ವಾ?"

"ಆ ಹೊತ್ತಿಗೆ ಅದೇ ಬಾಯಿಗೆ ಬಂತು. ಕತೆ ಏನು ಪ್ಯಾಸ್ಟಿನಾ, ಅವಳಿಗೆ ತುಂಡು ಕೊಟ್ರೆ ನಿಂಗೆ ಕಮ್ಮಿ ಆಗೋಕೆ?"

ಕಮ್ಮಿಯಾಗಿತ್ತು. ನನಗೆ ಖಂಡಿತ ಕಮ್ಮಿಯಾಗಿತ್ತು. ಆದರೆ ಮಾರ್ಲಾ ಅತ್ತದ್ದು ನನಗೆ ಗೊತ್ತಿರಲಿಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದದ್ದು ಮುಮ್ಮುವಿನ ನಗುವನ್ನು ಮಾತ್ರ.

"ಬೇಗ ಮಾಡೇ, ಮಣಿಕಟ್ಟು ನೋಯ್ತಿದೆ."

ಕುದಿಯುವ ನೀರು ಸೌನಾದ ಹಂಡೆಯಲ್ಲಿತ್ತು, ಇಲ್ಲಿಂದ ನಲವತ್ತು ಹೆಜ್ಜೆ. ನಾನೇ ಹೋಗಿ ಬಂದು, ಮಲಗಿ, ತೂರಿಕೊಳ್ಳುವಷ್ಟರಲ್ಲಿ ಬುಷ್ ಮತ್ತೆ ಗಟ್ಟಿಯಾಗಿರುತ್ತದೆ. ಮೂರನೆಯ ಜೊತೆ ಕೈ ಬೇಕೇ ಬೇಕಿತ್ತು. ಕಿಟಕಿಯಾಚೆ ನಿಂತು ವಾಪಸಾಗುವ ಕರಡಿ ನೆನಪಾಯಿತು. ಆ ಕರಡಿಯ ಮೇಲೂ ಸಿಟ್ಟು ಬಂತು.

"ಮಾರ್ಲಾ."

"ಏನು?"

"ಈ ಬುಷ್ ಕುದಿಸಿ ತಂದ್ಕೊಡ್ತೀಯಾ? ಓಡ್ಕೊಂಡ್ ಬರ್ಬೇಕು."

"ಕೇಳ್ತೀಯೋ ಇಲ್ವೋ ಅಂತ ಕಾಯ್ತಾ ಇದ್ದೆ" ಎನ್ನುತ್ತ ಬಂದು ನನ್ನ ಕೈಯಿಂದ ಬುಷ್ ತೆಗೆದುಕೊಂಡಳು. "ಪ್ಯಾಸ್ಟಿ ಆರೋಯ್ತು ನೋಡು."

ಎರಡು ನಿಮಿಷಕ್ಕೆ ಹುಲ್ಲಿನ ಮೇಲೆ ಧಡಧಡ ಸದ್ದು. ಸೌನಾದ ಕಾದ ಕಲ್ಲಿಗೆ ನೀರು ಸುರಿಯುವ ಮರದ ಹಿಡಿಕೆಯ ಸೌಟಿನಲ್ಲಿ, ಹಬೆಯಾಡುವ ನೀರಿನೊಳಗೆ ಬುಷ್ ತೇಲುತ್ತಿತ್ತು. ಅರ್ಧ ನೀರು ಅವಳ ಪಾದದ ಮೇಲೆ ಚೆಲ್ಲಿತ್ತು, ಬೈಗುಳವೊಂದನ್ನು ನುಂಗಿಕೊಂಡಳು. ಇಕ್ಕಳದಿಂದ ಎತ್ತಿ, ಕೇಬಲ್ಲಿನ ತುದಿಯ ಬಳೆಯಂಥ ಕಣ್ಣಿಗೆ ಒತ್ತಿದೆ. ಬೆಣ್ಣೆಯಂತೆ ಒಳಗೆ ಹೋಯಿತು. ಆ ಕಣ್ಣನ್ನು ಲಿವರ್‌ನ ಬುಡದ ಗುಂಡಿಗೆ ಹಿಡಿದು ಹೆಬ್ಬೆರಳಲ್ಲಿ ಅದುಮಿದಾಗ ಟಕ್ ಎಂದಿತು.

"ಕಚ್ಕೊಂತು" ಎಂದಳು ಮಾರ್ಲಾ. ಸದ್ದು ಕೇಳಿಯೇ ಅವಳಿಗೆ ಗೊತ್ತಾಗಿತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಸೌನಾ ಮುಗಿಸಿ, ಒದ್ದೆ ಕೂದಲಲ್ಲೇ ಟ್ರಕ್ ಹತ್ತಿ ಹೊರಟೆವು. ಮುಮ್ಮು ನಡುವೆ ಕುಳಿತಳು, ಕಿಟಕಿಯ ಪಕ್ಕ ಮಾರ್ಲಾ, ಕೆಂಪಾದ ಪಾದವನ್ನು ಮುಂದಕ್ಕೆ ಚಾಚಿಕೊಂಡು. ಹಳೆಯ ಗಣಿಯ ತಿರುವಿನಲ್ಲಿ ಮುಮ್ಮು ಗಂಟಲು ಸರಿಮಾಡಿಕೊಂಡಳು. ಹೊಸ ಕತೆ. ನಮ್ಮಿಬ್ಬರಿಗೂ ಗೊತ್ತಿಲ್ಲದ್ದು. ನಾನು ಹಲ್ಲು ಕಚ್ಚಿಕೊಂಡೇ ಕೇಳಿದೆ, ಆದರೆ ಕೇಳಿದೆ.

ಸರೋವರದ ಮೇಲಿನ ದಿಬ್ಬ ನಮ್ಮೂರಿನಲ್ಲೇ ಅತಿ ಕಡಿದಾದ ಇಳಿಜಾರು. ಅಲ್ಲಿ ನಿಲ್ಲಿಸಿ ಲಿವರ್ ಮೇಲೆತ್ತಿ ಪಾರ್ಕಿಗೆ ಹಾಕಿದೆ. ಮುಮ್ಮುವಿನ ಕೈ ಹಳೆಯ ಅಭ್ಯಾಸದಂತೆ ಚೀಲ ಎತ್ತಿ ಲಿವರ್‌ನತ್ತ ಹೊರಟಿತು.

"ಮುಮ್ಮು" ಎಂದೆವು ಇಬ್ಬರೂ ಒಟ್ಟಿಗೇ.

ಚೀಲ ಗಾಳಿಯಲ್ಲೇ ನಿಂತಿತು. ನನ್ನ ಕಡೆ ನೋಡಿದಳು, ಅವಳ ಕಡೆ ನೋಡಿದಳು, ಕೊನೆಗೆ ಮಾರ್ಲಾಳ ಮಡಿಲಿಗಿಟ್ಟಳು. ನಾನು ಅದನ್ನು ನೋಡಿಯೂ ನೋಡದವಳಂತೆ ಬ್ರೇಕಿನಿಂದ ಕಾಲು ತೆಗೆದೆ.

ಟ್ರಕ್ ಕದಲಲಿಲ್ಲ.